ಬರೋಡಾದ ಹನ್ನೊಂದು ದಿನ ಮತ್ತು ನಮ್ಮ ಆಫೀಸಿನ ನೀರಿನ ಲೋಟ



ಪೋಸ್ಟ್ ಸ್ವಲ್ಪ ಉದ್ದ ಇದೆ. ಟೈಮ್ ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

ಹೋದ ಭಾನುವಾರ ನಮ್ಮ ಸಂಘದ ಸಭೆ ಮುಗಿಸಿ ಹೊರಗೆ ಬಂದಾಗ ಒಬ್ಬ ಹುಡುಗ ನನ್ನ ಬೈಕ್ ಪಕ್ಕ ನಿಂತಿದ್ದ. ಬಿ.ಕಾಂ. ಮುಗಿಸಿ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದೆ. "ಅಣ್ಣಾ, ಕೆಲಸ ಬಿಟ್ಬಿಡ್ಲಾ?" ಅಂದ. ಯಾಕಪ್ಪಾ ಅಂದೆ. ಓನರ್ ತುಂಬಾ ಸ್ಟ್ರಿಕ್ಟು, ತುಂಬಾ ಸಂಪ್ರದಾಯಸ್ಥರು ಅಂದ. ಖಾಸಗಿ ಆಫೀಸು ಅಂದ್ಮೇಲೆ ಸ್ಟ್ರಿಕ್ಟ್ ಇರ್ತಾರಪ್ಪ, ಅಷ್ಟಕ್ಕೆಲ್ಲಾ ಕೆಲಸ ಬಿಡ್ತಾರಾ ಅಂತ ನಾನು ದೊಡ್ಡವನ ಥರ ಬುದ್ಧಿ ಹೇಳೋಕೆ ಶುರು ಮಾಡ್ದೆ. ಅವನು ತಲೆ ತಗ್ಗಿಸಿ ಹೇಳಿದ: "ಸ್ಟ್ರಿಕ್ಟ್ ಇದ್ರೆ ಬೇಜಾರಿಲ್ಲ ಅಣ್ಣಾ. ಅಲ್ಲಿ ಎಂಟು ಸ್ಟೀಲ್ ಲೋಟ ಇದಾವೆ. ಒಂದರ ತಳಕ್ಕೆ ಮಾತ್ರ ಕೆಂಪು ನೇಲ್ ಪಾಲಿಶ್ ಹಚ್ಚಿದಾರೆ. ನಂಗೆ ಯಾವಾಗ್ಲೂ ಅದೇ ಬರುತ್ತೆ."

ನನಗೆ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ನಾನು ಹತ್ತೊಂಬತ್ತು ವರ್ಷದಿಂದ ಇಂಥದ್ದೇ ಒಂದು ಆಫೀಸಿನಲ್ಲಿ ಗುಮಾಸ್ತ. ವೇದಿಕೆ ಮೇಲೆ ಮೈಕ್ ಹಿಡಿದು ಸ್ವಾಭಿಮಾನದ ಬಗ್ಗೆ ಮಾತಾಡೋ ನಾನು, ಅವತ್ತು ಆ ಹುಡುಗನಿಗೆ "ನೋಡೋಣ, ಯೋಚ್ನೆ ಮಾಡು" ಅಂತಷ್ಟೇ ಹೇಳಿ ಬೈಕ್ ಸ್ಟಾರ್ಟ್ ಮಾಡ್ಕೊಂಡು ಬಂದೆ. ಅವನಿಗೆ ಅವತ್ತು ಹೇಳಬೇಕಾಗಿದ್ದನ್ನ ಇವತ್ತು ಇಲ್ಲಿ ಬರೀತಿದೀನಿ.

ಮೊದಲು ನನ್ನ ಆಫೀಸಿನ ವಿಷಯ ಹೇಳ್ಬಿಡ್ತೀನಿ. ನಮ್ಮ ಯಜಮಾನರು ಕೆಟ್ಟವರಲ್ಲ. ಬೆಳಿಗ್ಗೆ 9.30ಕ್ಕೆ ಹಾಜರಿ ಪುಸ್ತಕ ಅವರ ಟೇಬಲ್ಲಿಗೆ ಹೋಗುತ್ತೆ. 9.31ಕ್ಕೆ ಬಂದವರು ಒಳಗೆ ಹೋಗಿ, ಅವರ ಎದುರು ನಿಂತು ಸಹಿ ಹಾಕಬೇಕು. ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಟ್. ಇದು ಅವರ ತಂಗಿ ಮಗನಿಗೂ ಅನ್ವಯ, ನನಗೂ ಅನ್ವಯ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆದ್ರೂ ರಾತ್ರಿ ಎಂಟಾದರೂ ಬಿಡಲ್ಲ. ಈ ಶಿಸ್ತಿನಿಂದ ನಾನು ಕಲಿತಿದ್ದೀನಿ, ಅದನ್ನ ಯಾವತ್ತೂ ಅಲ್ಲಗಳೆಯಲ್ಲ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಕೇಳದೇನೇ ಮುಂಗಡ ಕೊಟ್ಟು ಕಳಿಸಿದ್ದೂ ಇದೇ ಯಜಮಾನರು.

ಆದ್ರೆ ಹಾಜರಿ ಪುಸ್ತಕದಲ್ಲಿ ಇಲ್ಲದ ನಿಯಮಗಳೂ ಒಂದಿಷ್ಟು ಇದಾವೆ. ಶುಕ್ರವಾರದ ಪೂಜೆಗೆ ಎಲ್ಲರೂ ಒಳಕೋಣೆಗೆ ಹೋಗ್ತಾರೆ, ನನಗೆ ಮಾತ್ರ ಆ ಹೊತ್ತಿಗೆ ಸರಿಯಾಗಿ ಬ್ಯಾಂಕ್ ಕೆಲಸ ಬೀಳುತ್ತೆ. ಒಳಗಿರೋ ತಾಮ್ರದ ಹಂಡೆಯಿಂದ ಎಲ್ಲರೂ ನೀರು ಬಗ್ಗಿಸ್ಕೊಳ್ತಾರೆ, ನನಗೆ ಮಾತ್ರ ಯಾರಾದ್ರೂ "ನೀವ್ಯಾಕೆ ಏಳ್ತೀರಾ, ಕೂತ್ಕೊಳ್ಳಿ" ಅಂತ ತಂದುಕೊಡ್ತಾರೆ. ಮರ್ಯಾದೆ ಥರಾನೇ ಇರುತ್ತೆ. ಮೊದಲನೇ ವರ್ಷ ನಾನೂ ಅದನ್ನ ಮರ್ಯಾದೆ ಅಂತಾನೇ ಅಂದ್ಕೊಂಡಿದ್ದೆ. ನೀವ್ಯಾರೂ ಬರೋದು ಬೇಡ ಅಂತ ಯಾರೂ ಹೇಳಿಲ್ಲ. ಯಾವ ಸುತ್ತೋಲೆಯೂ ಇಲ್ಲ. ನಾನೂ ಕೇಳಲಿಲ್ಲ. ಹತ್ತೊಂಬತ್ತು ವರ್ಷ ಕೇಳಲಿಲ್ಲ.

ಈಗ ಇತಿಹಾಸಕ್ಕೆ ಬರ್ತೀನಿ. ಬಾಬಾಸಾಹೇಬರು ಸಂವಿಧಾನ ಬರೆದದ್ದು ನಮಗೆಲ್ಲಾ ಗೊತ್ತು. ಅವರೂ ಒಂದು ಆಫೀಸಿನಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದ ನೌಕರ ಆಗಿದ್ರು ಅನ್ನೋದನ್ನ ನಾವು ಅಷ್ಟಾಗಿ ನೆನೆಯಲ್ಲ.

ಬರೋಡಾದ ಮಹಾರಾಜರು ಮೂರನೇ ಸಯಾಜಿರಾವ್ ಗಾಯಕವಾಡ್. ಆ ಕಾಲದ ಸಂಸ್ಥಾನಗಳಲ್ಲಿ ಅಂಥ ರಾಜರು ಬೆರಳೆಣಿಕೆ. ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆಸಿದವರು. 1906ರಲ್ಲೇ ತಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದವರು. ಬಾಬಾಸಾಹೇಬರು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟವರು. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದವರೂ ಅವರೇ. ಅದಕ್ಕೆ ಒಂದು ಕರಾರು ಇತ್ತು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ.

1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಾಬಾಸಾಹೇಬರು ವಾಪಸ್ ಬಂದರು. ಅದು ಮೊದಲನೇ ಮಹಾಯುದ್ಧದ ಸಮಯ. ಅವರ ಸಾಮಾನು, ಪುಸ್ತಕ ಹೊತ್ತು ಬರುತ್ತಿದ್ದ ಹಡಗು ಸಮುದ್ರದಲ್ಲೇ ಮುಳುಗಿಹೋಯಿತು. ಅದಕ್ಕೆ ಸಿಕ್ಕ ಪರಿಹಾರದ ದುಡ್ಡಿನಲ್ಲೇ ಬರೋಡಾಕ್ಕೆ ಹೊರಟರು. ಯಾಕೆ ಹೊರಟರು? ಕರಾರು ಇತ್ತಲ್ಲ, ಅದಕ್ಕೆ. ಮಾತು ಉಳಿಸಿಕೊಳ್ಳೋದಕ್ಕೆ.

ಬರೋಡಾ ಸ್ಟೇಷನ್ನಿನಲ್ಲಿ ಇಳಿದಾಗ ಉಳಿಯೋಕೆ ಜಾಗ ಇಲ್ಲ. ಹಿಂದೂ ಹೋಟೆಲುಗಳು ಸೇರಿಸಲ್ಲ ಅಂತ ಗೊತ್ತಿತ್ತು. ಕೊನೆಗೆ ಒಂದು ಪಾರ್ಸಿ ಛತ್ರ ಸಿಕ್ಕಿತು. ಅಲ್ಲಿ ಪಾರ್ಸಿಗಳಿಗೆ ಮಾತ್ರ ಪ್ರವೇಶ. ಛತ್ರ ನೋಡಿಕೊಳ್ಳುತ್ತಿದ್ದವನಿಗೂ ಗಿರಾಕಿ ಇರಲಿಲ್ಲ, ಇವರಿಗೂ ಬೇರೆ ದಾರಿ ಇರಲಿಲ್ಲ. ಪಾರ್ಸಿ ಹೆಸರಿನಲ್ಲಿ ಪುಸ್ತಕದಲ್ಲಿ ಬರೆಸಿಕೊಂಡು, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಕೊಲಂಬಿಯಾದಲ್ಲಿ ಎಂ.ಎ. ಮಾಡಿ ಬಂದ ಮನುಷ್ಯ ಸ್ವಂತ ಹೆಸರು ಮುಚ್ಚಿಟ್ಟುಕೊಂಡು ಮಲಗಬೇಕಾಯಿತು. ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲಾ ಇದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಫೀಸು. ಅವರನ್ನ ಮಹಾರಾಜರ ಮಿಲಿಟರಿ ಸೆಕ್ರೆಟರಿ ಮಾಡಿದ್ದರು ಅಂತ ಜೀವನಚರಿತ್ರೆಗಳಲ್ಲಿ ಓದ್ತೀವಿ, ಭಾಷಣಗಳಲ್ಲೂ ಕೇಳ್ತೀವಿ. ಬಾಬಾಸಾಹೇಬರು ತಮ್ಮದೇ ನೆನಪಿನ ಬರಹದಲ್ಲಿ ಹೇಳಿರೋದು, ತಾನು ಬರೋಡಾದ ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ಪ್ರೊಬೇಷನರ್ ಆಗಿದ್ದೆ ಅಂತ. ಅಂದ್ರೆ ಕೆಲಸ ಕಲಿಯೋ ಅಧಿಕಾರಿ. ಬೆಳಿಗ್ಗೆ ಹತ್ತಕ್ಕೆ ಛತ್ರ ಬಿಟ್ಟು ಆಫೀಸಿಗೆ ಹೋಗ್ತಿದ್ದರು, ರಾತ್ರಿ ಎಂಟರ ಸುಮಾರಿಗೆ ಬರ್ತಿದ್ದರು. ಕರೆಂಟ್ ಇಲ್ಲದ, ಹಳೇ ಸಾಮಾನು ತುಂಬಿದ, ಬಾವಲಿ ಹಾರಾಡೋ ಆ ಜಾಗಕ್ಕೆ ಬೇಗ ಹಿಂತಿರುಗೋಕೆ ಮನಸ್ಸಾಗದೆ, ಆದಷ್ಟು ಹೊತ್ತು ಹೊರಗೇ ಕಳೀತಿದ್ದರು.

ಆ ಆಫೀಸಿನಲ್ಲಿ ಏನಾಯಿತು ಅನ್ನೋದನ್ನ ಧನಂಜಯ ಕೀರ್ ತಮ್ಮ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಜವಾನರು ಫೈಲುಗಳನ್ನ ಕೈಗೆ ಕೊಡದೆ ದೂರದಿಂದ ಟೇಬಲ್ ಮೇಲೆ ಎಸೀತಿದ್ದರು. ಇವರು ಎದ್ದು ಹೊರಟಾಗ ನೆಲದ ಚಾಪೆ ಸುತ್ತಿಡ್ತಿದ್ದರು. ಕುಡಿಯೋ ನೀರು ಸಿಗ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಗುಮಾಸ್ತನಾಗಿ ನನಗೆ ಕಾಣೋದು ಬೇರೆ ಏನೋ ಇದೆ, ಅದನ್ನ ಹೇಳ್ತೀನಿ. ಇವರನ್ನ ನೇಮಕ ಮಾಡಿದವರು ಸಾಕ್ಷಾತ್ ಮಹಾರಾಜರು. ಸಂಬಳದ ಪಟ್ಟಿಯಲ್ಲಿ ಜವಾನ ಕೆಳಗೆ, ಇವರು ಮೇಲೆ. ಇವರಿಗೆ ನೀರು ಕೊಡಬೇಡಿ ಅಂತ ಯಾರೂ ಆದೇಶ ಹೊರಡಿಸಿರಲಿಲ್ಲ. ಫೈಲು ಎಸೀರಿ ಅಂತ ಯಾವ ಕಡತದಲ್ಲೂ ಬರೆದಿರಲಿಲ್ಲ. ಆದರೂ ಅದು ದಿನಾ ನಡೀತಿತ್ತು, ಹಾಜರಿಗಿಂತ ಕರಾರುವಾಕ್ಕಾಗಿ. ಮಹಾರಾಜರ ಆದೇಶ ಅರಮನೆಯಿಂದ ಆಫೀಸಿನ ಬಾಗಿಲವರೆಗೂ ಬಂತು, ನೀರಿನ ಗಡಿಗೆ ತನಕ ಬರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಯಾರು ನೀನು, ನಮ್ಮ ಛತ್ರ ಮೈಲಿಗೆ ಮಾಡಿದೆಯಾ ಅಂತ ಕೂಗಾಡಿದರು. ಸಂಜೆಯೊಳಗೆ ಖಾಲಿ ಮಾಡಬೇಕು ಅಂತ ಎಚ್ಚರಿಕೆ ಕೊಟ್ಟರು. ಸರ್ಕಾರಿ ಬಂಗಲೆಗೆ ಅರ್ಜಿ ಹಾಕಿದ್ದೀನಿ, ಒಂದು ವಾರ ಟೈಮ್ ಕೊಡಿ ಅಂತ ಬೇಡಿದರೂ ಕೇಳಲಿಲ್ಲ. ಇಬ್ಬರು ಸ್ನೇಹಿತರ ಹತ್ತಿರ ಹೋದರು. ಒಬ್ಬ ಹಿಂದೂ. ನೀನು ಮನೆಗೆ ಬಂದರೆ ನನ್ನ ಆಳುಗಳು ಕೆಲಸ ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಕ್ರಿಶ್ಚಿಯನ್. ಹೆಂಡತಿ ನಾಳೆ ಬರ್ತಾಳೆ, ಅವಳನ್ನ ಕೇಳಬೇಕು ಅಂದ. ಆ ದಂಪತಿ ಮೂಲತಃ ಬ್ರಾಹ್ಮಣ ಮನೆತನದವರು ಅಂತ ಆಮೇಲೆ ಗೊತ್ತಾಯಿತಂತೆ. ಮತ ಬದಲಾಗಿತ್ತು, ಅಡಿಗೆಮನೆ ಬದಲಾಗಿರಲಿಲ್ಲ.

ಮುಂಬೈ ರೈಲು ಇದ್ದದ್ದು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೆ ಕಾಮಾಠಿ ಬಾಗ್ ಅನ್ನೋ ಉದ್ಯಾನದಲ್ಲಿ ಗಂಟೆಗಟ್ಟಲೆ ಒಬ್ಬರೇ ಕೂತಿದ್ದು, ಮುಂಬೈಗೆ ವಾಪಸ್ ಹೊರಟರು. ಹತ್ತು ವರ್ಷದ ಕರಾರು ಅಲ್ಲಿಗೆ ಮುಗಿಯಿತು. ವರ್ಷಗಳ ನಂತರ ಇದನ್ನ ಬರೆಯುವಾಗಲೂ, ಆ ದೊಣ್ಣೆ ಹಿಡಿದವರ ದೃಶ್ಯ ನೆನಪಾದರೆ ಕಣ್ಣಲ್ಲಿ ನೀರು ಬರುತ್ತೆ ಅಂತ ಹೇಳಿಕೊಂಡಿದ್ದಾರೆ.

ಮುಂಬೈಗೆ ಬಂದ ಮೇಲೆ 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅದು ಬ್ರಿಟಿಷ್ ಸರ್ಕಾರದ ಕಾಲೇಜು. ಅಲ್ಲೂ ಪ್ರಾಧ್ಯಾಪಕರ ಕೋಣೆಯ ನೀರಿನ ಗಡಿಗೆ ಇವರು ಮುಟ್ಟಬಾರದು ಅಂತ ಸಹೋದ್ಯೋಗಿಗಳು ಆಕ್ಷೇಪ ತೆಗೆದರು. ಬರೋಡಾದಲ್ಲಿ ಜವಾನರು, ಮುಂಬೈಯಲ್ಲಿ ಪ್ರೊಫೆಸರುಗಳು. ಅಲ್ಲಿ ರಾಜನ ಆಫೀಸು, ಇಲ್ಲಿ ಬ್ರಿಟಿಷರ ಆಫೀಸು. ಗಡಿಗೆ ಒಂದೇ.

ಯಜಮಾನ ಒಳ್ಳೆಯವನಾದರೆ ಎಲ್ಲಾ ಸರಿಹೋಗುತ್ತೆ ಅಂತ ನಂಬಿರೋರಿಗೆ ಬರೋಡಾ ಒಂದು ಪಾಠ. ಆದ್ರೆ ಅದೇ ಕಾಲದಲ್ಲಿ, ನಮ್ಮ ಬೆಳಗಾವಿ ಪಕ್ಕದಲ್ಲೇ ಇರೋ ಕೊಲ್ಹಾಪುರದಲ್ಲಿ ಇನ್ನೊಂದು ಥರದ ಪಾಠ ನಡೆದಿತ್ತು. ಶಾಹು ಮಹಾರಾಜರು 26 ಜುಲೈ 1902ರಂದು ಖಾಲಿ ಬೀಳುವ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 50ನ್ನು ಹಿಂದುಳಿದವರಿಗೆ ಮೀಸಲಿಟ್ಟು ಆದೇಶ ಹೊರಡಿಸಿದ್ದರು. ಅದು ಕಾಗದದ ಮಾತು. ಆಮೇಲೆ ನಡೆದದ್ದು ಗಂಗಾರಾಮ ಕಾಂಬಳೆ ಪ್ರಸಂಗ. ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಈ ದಲಿತ, ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಅಲ್ಲಿನವರ ಕೈಲಿ ಹೊಡೆಸಿಕೊಂಡಿದ್ದ. ವಿಷಯ ತಿಳಿದ ಶಾಹು ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಂಗಾರಾಮನಿಗೆ ಟೀ ಅಂಗಡಿ ಹಾಕಿಕೊಳ್ಳೋಕೆ ನೆರವು ಕೊಟ್ಟು, ಆ ಅಂಗಡಿ ಮುಂದೆ ತಮ್ಮ ಗಾಡಿ ನಿಲ್ಲಿಸಿ, ಎಲ್ಲರ ಎದುರು ಅವನ ಕೈಯಿಂದ ಟೀ ಕುಡಿದರು. ಜೊತೆಗಿದ್ದ ಮೇಲ್ಜಾತಿಯವರೂ ಕುಡಿಯಲೇಬೇಕಾಯಿತು. ಆದೇಶದ ಜೊತೆ ಲೋಟಾನೂ ಕೈಗೆತ್ತಿಕೊಂಡ ದೊರೆ ಅವರು. 1920ರ ಮಾರ್ಚ್‌ನಲ್ಲಿ ಮಾಣಗಾಂವ್ ಪರಿಷತ್ತಿಗೆ ಬಂದು, ಇನ್ನು ಮುಂದೆ ಅಂಬೇಡ್ಕರರೇ ನಿಮ್ಮ ನಾಯಕರು ಅಂತ ನಮ್ಮ ಜನಕ್ಕೆ ಹೇಳಿದ್ದೂ ಇದೇ ಶಾಹು ಮಹಾರಾಜರು.

ನಮ್ಮ ಹಳೇ ಮೈಸೂರಿನ ಕಥೆ ಏನು? ಬಾಬಾಸಾಹೇಬರು ಬರೋಡಾದಿಂದ ವಾಪಸ್ ಬಂದ ಮರುವರ್ಷ, ಅಂದ್ರೆ 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಆಫೀಸುಗಳಲ್ಲಿ ಬ್ರಾಹ್ಮಣರೇ ತುಂಬಿಕೊಂಡಿದ್ದಾರೆ, ಉಳಿದವರಿಗೂ ಜಾಗ ಬೇಕು ಅಂತ ಪ್ರಜಾಮಿತ್ರ ಮಂಡಳಿಯವರು ಎತ್ತಿದ ದನಿಗೆ ಅದು ಉತ್ತರ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಅನ್ನೋದು ಸಮಿತಿಯ ಶಿಫಾರಸಿನ ಸಾರ. ಇದರ ಬಗ್ಗೆ ದಿವಾನ್ ವಿಶ್ವೇಶ್ವರಯ್ಯನವರಿಗೂ ಮಹಾರಾಜರಿಗೂ ಭಿನ್ನಾಭಿಪ್ರಾಯ ಬಂದು, ಆ ವರ್ಷವೇ ದಿವಾನರು ಹುದ್ದೆ ಬಿಟ್ಟರು. ದೊಡ್ಡ ಹೆಜ್ಜೆ ಅದು, ನಾಲ್ವಡಿಯವರನ್ನ ನಾವು ನೆನೆಯಲೇಬೇಕು. ಆದ್ರೆ ಲೆಕ್ಕ ಸರಿಯಾಗಿ ಹೇಳಬೇಕಂದ್ರೆ, ಅಲ್ಲಿ ಬ್ರಾಹ್ಮಣೇತರರೆಲ್ಲ ಒಂದೇ ಗುಂಪು. ಅಸ್ಪೃಶ್ಯರಿಗೆ ಆದ್ಯತೆ ಅನ್ನೋ ಮಾತಿತ್ತು, ಇಷ್ಟು ಅಂತ ಪ್ರತ್ಯೇಕ ಪಾಲು ಇರಲಿಲ್ಲ. ಆಫೀಸಿನ ಬಾಗಿಲು ತೆರೆದಾಗ ಹತ್ತಿರ ನಿಂತಿದ್ದವರು ಮೊದಲು ಒಳಗೆ ಹೋದರು. ನಾವು ಹಟ್ಟಿಯಲ್ಲಿದ್ದೆವು.

ಪ್ರತ್ಯೇಕ ಪಾಲು ಯಾವಾಗ ಬಂತು? ಈ ಭಾಗವನ್ನ ನಮ್ಮ ಹುಡುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. 1942ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಗೆ ಕಾರ್ಮಿಕ ಸದಸ್ಯರಾಗಿ ಹೋದರು. ಅದೇ ಅಕ್ಟೋಬರ್‌ನಲ್ಲಿ ಪರಿಶಿಷ್ಟರ ಕುಂದುಕೊರತೆಗಳ ಬಗ್ಗೆ ವೈಸರಾಯ್‌ಗೆ ಮನವಿ ಬರೆದುಕೊಟ್ಟರು. 1934ರಲ್ಲೇ ಕೇಂದ್ರ ಸರ್ಕಾರದ ನೌಕರಿಯಲ್ಲಿ ಮುಸ್ಲಿಮರಿಗೆ, ಇತರ ಅಲ್ಪಸಂಖ್ಯಾತರಿಗೆ ಪಾಲು ನಿಗದಿಯಾಗಿತ್ತು. ನಮ್ಮವರಿಗೆ ಇರಲಿಲ್ಲ. 1943ರ ಆಗಸ್ಟ್‌ನಲ್ಲಿ ಮೊದಲ ಸಲ ಪರಿಶಿಷ್ಟ ಜಾತಿಗಳಿಗೆ ಅಂತಾನೇ ಶೇಕಡ 8.33 ಹುದ್ದೆ ಮೀಸಲು ಎಂಬ ಆದೇಶ ಬಂತು. 1946ರಲ್ಲಿ ಅದು ಶೇಕಡ 12.5ಕ್ಕೆ ಏರಿತು.

1917ರಿಂದ 1943. ಇಪ್ಪತ್ತಾರು ವರ್ಷ. ಯಾವ ಮನುಷ್ಯನಿಗೆ ಆಫೀಸಿನಲ್ಲಿ ಒಂದು ಲೋಟ ನೀರು ಸಿಗಲಿಲ್ಲವೋ, ಅದೇ ಮನುಷ್ಯ ದೇಶದ ಆಫೀಸುಗಳ ಬಾಗಿಲನ್ನ ನಮಗೋಸ್ಕರ ತೆಗೆಸಿದರು. ಬೇಡಿಕೊಂಡು ತೆಗೆಸಲಿಲ್ಲ, ಬರೆದು ತೆಗೆಸಿದರು.

ಕೆಲಸದ ಗಂಟೆಗಳ ವಿಷಯಕ್ಕೂ ಒಂದು ಮಾತು. ಬಾಬಾಸಾಹೇಬರು 14 ಗಂಟೆ ಕೆಲಸವನ್ನ 8 ಗಂಟೆಗೆ ಇಳಿಸಿದರು ಅಂತ ವಾಟ್ಸಾಪ್‌ನಲ್ಲಿ ಪ್ರತಿ ಮೇ ಒಂದನೇ ತಾರೀಖು ಬರುತ್ತೆ. ನಾನೂ ಫಾರ್ವರ್ಡ್ ಮಾಡಿದೀನಿ. ನಿಜವಾದ ಲೆಕ್ಕ ಹೀಗಿದೆ. 1934ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆ ಮಿತಿ ಇತ್ತು. ಬಾಬಾಸಾಹೇಬರು ಕಾರ್ಮಿಕ ಸದಸ್ಯರಾಗಿ ತಂದ 1946ರ ತಿದ್ದುಪಡಿ ಅದನ್ನ 48 ಗಂಟೆಗೆ ಇಳಿಸಿತು. ಅದೇ ದೊಡ್ಡ ಸಾಧನೆ, ಉತ್ಪ್ರೇಕ್ಷೆ ಬೇಕಾಗಿಲ್ಲ. ನಾವು ತಪ್ಪು ಲೆಕ್ಕ ಹೇಳಿದರೆ ಎದುರಿನವರು ಸರಿ ಇರೋದನ್ನೂ ಸುಳ್ಳು ಅಂತಾರೆ. ಇನ್ನು ನಮ್ಮಂಥ ಖಾಸಗಿ ಆಫೀಸಿನವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಅಂತ ಬರೆದಿದ್ದು ಅದರಲ್ಲೇ. ನಮ್ಮ ಆಫೀಸಿನ ಗೋಡೆ ಮೇಲೆ ಲಕ್ಷ್ಮಿ ಫೋಟೋ ಇದೆ, ವೆಂಕಟರಮಣನ ಫೋಟೋ ಇದೆ. ಈ ಕಾಯ್ದೆಯ ಒಂದು ಪುಟ ಇಲ್ಲ.

ಈಗ ನಮ್ಮಪ್ಪನ ವಿಷಯ. ಮೀಸಲಾತಿಯಿಂದ ನಮ್ಮ ಮನೆತನದಲ್ಲಿ ಮೊದಲು ಆಫೀಸಿನ ಒಳಗೆ ಕಾಲಿಟ್ಟವರು ಅವರು. ಒಂದು ತಾಲ್ಲೂಕು ಕಚೇರಿಯಲ್ಲಿ ಜವಾನ. ಖಾಕಿ ಬಟ್ಟೆ, ಎದೆ ಮೇಲೆ ದವಾಲಿ ಪಟ್ಟಿ. ಅದನ್ನ ಹಾಕ್ಕೊಂಡು ಹಟ್ಟಿಯಿಂದ ಹೊರಟರೆ ನಮಗೆಲ್ಲಾ ಜಂಬ. ಫೈಲು ಹೊರೋದು, ಗಂಟೆ ಹೊಡೆಯೋದು, ಸಾಹೇಬರ ಜೀಪಿಗೆ ಸಾಮಾನು ತುಂಬೋದು, ರಾತ್ರಿ ಕಾವಲು, ಎಲ್ಲಾ ಅವರದ್ದೇ. ಬಹಳ ವರ್ಷ ಆದಮೇಲೆ ಒಂದಿನ ಅವರಾಗೇ ಹೇಳಿದರು: "ಸರ್ವೀಸೆಲ್ಲಾ ಮುಗೀತಲ್ಲಪ್ಪ, ಒಂದಿನಾನೂ ನನ್ನ ಕೈಲಿ ನೀರು ತರಿಸ್ಲಿಲ್ಲ ಅವ್ರು." ಬೇರೆ ಜವಾನರು ಇದನ್ನ ಅದೃಷ್ಟ ಅಂದ್ಕೊಂಡಿದ್ದರಂತೆ, ನಿಂಗೊಂದು ಕೆಲಸ ಕಮ್ಮಿ ಅಂತ. ಬರೋಡಾದಲ್ಲಿ ಅಧಿಕಾರಿ ನಮ್ಮವರಾದಾಗ ಜವಾನ ನೀರು ಕೊಡಲಿಲ್ಲ. ಇಲ್ಲಿ ಜವಾನ ನಮ್ಮವರಾದಾಗ ಅಧಿಕಾರಿ ನೀರು ಕೇಳಲಿಲ್ಲ. ಅಷ್ಟು ಹೊತ್ತಿಗೆ ಸಂವಿಧಾನ ಬಂದಿತ್ತು, 17ನೇ ವಿಧಿ ಬಂದಿತ್ತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಿತ್ತು. ಅಪ್ಪ ಯಾರಿಗೂ ದೂರು ಕೊಡಲಿಲ್ಲ. ಏನಂತ ಕೊಡೋದು? ನನಗೆ ಒಂದು ಕೆಲಸ ಹೇಳಲಿಲ್ಲ ಅಂತ ದೂರು ಕೊಡೋಕಾಗುತ್ತಾ?

ಇಲ್ಲೇ ಇರೋದು ನೋಡಿ ಗಂಟು. ಶಿಸ್ತು ಅನ್ನೋದು ಬರಹದಲ್ಲಿರುತ್ತೆ. 9.30 ಅಂದ್ರೆ 9.30. ತಪ್ಪಿದ್ರೆ ಕೆಂಪು ಗೆರೆ. ನನಗೆ ಅನ್ಯಾಯವಾಯ್ತು ಅಂದ್ರೆ ಪುಸ್ತಕ ತೆಗೆದು ತೋರಿಸಿ ವಾದ ಮಾಡಬಹುದು. ಸಂಪ್ರದಾಯ ಬರಹದಲ್ಲಿರಲ್ಲ. ಅದು ಲೋಟದ ತಳದಲ್ಲಿರುತ್ತೆ, ಚಾಪೆ ಸುತ್ತೋ ಕೈಯಲ್ಲಿರುತ್ತೆ, "ನೀವ್ಯಾಕೆ ಏಳ್ತೀರಾ" ಅನ್ನೋ ನಗುಮುಖದಲ್ಲಿರುತ್ತೆ. ಕೇಳಿದ್ರೆ, ಹಾಗೇನಿಲ್ಲವಲ್ಲ, ನಿಮಗೇ ಅನುಮಾನದ ಬುದ್ಧಿ ಅಂತಾರೆ. ಸಾಕ್ಷಿ ಇಲ್ಲ, ಕಡತ ಇಲ್ಲ, ಮೇಲ್ಮನವಿ ಇಲ್ಲ. ಯಜಮಾನರು "ನಾವು ಸ್ಟ್ರಿಕ್ಟು, ನಾವು ಸಂಪ್ರದಾಯಸ್ಥರು" ಅಂತ ಎರಡೂ ಪದಗಳನ್ನ ಒಂದೇ ಉಸಿರಿನಲ್ಲಿ ಹೇಳೋದು ಇದಕ್ಕೇ. ಮೊದಲನೇ ಪದಕ್ಕಿರೋ ಗೌರವದ ಮರೆಯಲ್ಲಿ ಎರಡನೇದು ನಡೆದುಹೋಗುತ್ತೆ.

ಬಾಬಾಸಾಹೇಬರು ಏನು ಮಾಡಿದರು ಅಂತ ಮತ್ತೆ ನೋಡಿ. ಆ ಹನ್ನೊಂದು ದಿನವನ್ನ ಬರೆದಿಟ್ಟರು. ಯಾವ ಆಫೀಸು, ಎಷ್ಟು ಬಾಡಿಗೆ, ಎಷ್ಟು ಜನ ಬಂದರು, ಯಾರ ಹತ್ತಿರ ಹೋದೆ, ಅವರು ಏನಂದರು, ರೈಲು ಎಷ್ಟು ಗಂಟೆಗೆ, ಎಲ್ಲಾ. ಲೆಕ್ಕಪತ್ರದ ಥರ. ಅವರ ತಂದೆ ರಾಮಜಿ ಸೈನ್ಯದಿಂದ ನಿವೃತ್ತರಾದ ಮೇಲೆ ಗೋರೆಗಾಂವ್‌ನಲ್ಲಿ ಖಜಾಂಚಿ ಆಗಿದ್ದವರು. ಮನೆಯಲ್ಲೇ ಲೆಕ್ಕದ ಶಿಸ್ತು ಇತ್ತು ಅನ್ಸುತ್ತೆ. ಬರಹಕ್ಕೆ ಇಳಿಯದೆ ತಪ್ಪಿಸಿಕೊಳ್ಳುತ್ತಿದ್ದ ಸಂಪ್ರದಾಯವನ್ನ ಅವರು ಬರಹಕ್ಕೆ ಎಳೆದು ತಂದರು. ಮೊದಲು ನೆನಪಾಗಿ, ಆಮೇಲೆ ಮನವಿಯಾಗಿ, ಆಮೇಲೆ 1943ರ ಆದೇಶವಾಗಿ, ಕೊನೆಗೆ 17ನೇ ವಿಧಿಯಾಗಿ. ಅಸ್ಪೃಶ್ಯತೆ ರದ್ದಾಗಿದೆ, ಯಾವ ರೂಪದಲ್ಲೂ ಅದರ ಆಚರಣೆ ನಿಷಿದ್ಧ ಅನ್ನೋ ಆ ವಿಧಿಯಲ್ಲಿ "ಯಾವ ರೂಪದಲ್ಲೂ" ಅಂತ ಇದೆಯಲ್ಲ, ನೇಲ್ ಪಾಲಿಶ್ ಚುಕ್ಕಿನೂ ಅದರೊಳಗೆ ಬರುತ್ತೆ.

ಹಾಗಾಗಿ ತಮ್ಮಾ, ನಿನಗೆ ನನ್ನ ಉತ್ತರ.

ಕೆಲಸ ಬಿಟ್ಟರೆ ನೀನು ಹೇಡಿ ಅಲ್ಲ. ಬಾಬಾಸಾಹೇಬರೇ ಹನ್ನೊಂದು ದಿನಕ್ಕೆ ಬರೋಡಾ ಬಿಟ್ಟು ಬಂದರು. ಕೆಲಸದಲ್ಲಿ ಉಳಿದರೆ ನೀನು ಗುಲಾಮನೂ ಅಲ್ಲ. ಮನೆಯಲ್ಲಿ ತಂಗಿ ಓದ್ತಿದಾಳೆ, ಸಾಲದ ಕಂತು ಇದೆ ಅಂತ ನನಗೆ ಗೊತ್ತು. ಅದನ್ನ ನೀನೇ ತೀರ್ಮಾನ ಮಾಡು. ಆದ್ರೆ ಎರಡರಲ್ಲಿ ಯಾವುದು ಮಾಡಿದ್ರೂ ಇವತ್ತಿನಿಂದ ಒಂದು ಡೈರಿ ಇಡು. ತಾರೀಖು, ಹೊತ್ತು, ಯಾರು ಏನಂದರು, ಯಾರು ಎದುರಿಗಿದ್ದರು, ಎಲ್ಲಾ ಬರಿ. ಲೋಟದ ತಳದ ಫೋಟೋ ತೆಗೆದಿಡು. ಆಮೇಲೆ ಒಂದು ದಿನ ಎಲ್ಲರ ಎದುರು ಜೋರಾಗಿ, ಜಗಳ ಆಡದೆ ಕೇಳು: ಈ ಚುಕ್ಕಿ ಯಾಕೆ ಅಂತ. ಏನು ಉತ್ತರ ಬರುತ್ತೋ ಅದನ್ನೂ ಬರಿ. ದೂರು ಕೊಡೋ ಹಂತ ಬಂದ್ರೆ ಒಬ್ಬನೇ ಹೋಗಬೇಡ. ವಕೀಲರ ಹತ್ತಿರಕ್ಕೂ, ಸ್ಟೇಷನ್ನಿಗೂ ನಾವು ನಾಲ್ಕು ಜನ ಜೊತೆಗೆ ಬರ್ತೀವಿ. ಕಾಮಾಠಿ ಬಾಗ್‌ನಲ್ಲಿ ಬಾಬಾಸಾಹೇಬರ ಪಕ್ಕ ಕೂರೋಕೆ ಅವತ್ತು ಯಾರೂ ಇರಲಿಲ್ಲ. ನಿನ್ನ ಪಕ್ಕ ಜನ ಇದಾರೆ.

ಬೇರೆಯವರಿಗೆ ಹೇಳೋ ಮುಂಚೆ ನಾನೂ ಮಾಡಬೇಕಲ್ಲ. ಮೊನ್ನೆ ಶುಕ್ರವಾರ ಹನ್ನೊಂದು ಗಂಟೆಗೆ ಎಂದಿನಂತೆ ನನ್ನ ಕೈಗೆ ಬ್ಯಾಂಕ್ ಚಲನ್ ಬಂತು. "ಪೂಜೆ ಮುಗಿಸ್ಕೊಂಡು ಹೋಗ್ತೀನಿ ಸಾರ್" ಅಂದೆ. ನನಗೆ ಪೂಜೆ ಬೇಕಾಗಿಲ್ಲ, ನಾನು ಬುದ್ಧನ ದಾರಿಯವನು. ಒಳಗೆ ಕಾಲಿಡೋಕೆ ಬಿಡ್ತಾರಾ ಇಲ್ವಾ ಅನ್ನೋದು ಬೇಕಾಗಿತ್ತು. ಆಫೀಸಿನಲ್ಲಿ ಒಂದು ನಿಮಿಷ ಫ್ಯಾನ್ ಸದ್ದು ಬಿಟ್ರೆ ಏನೂ ಇಲ್ಲ. ನಾನು ಎದ್ದು ಒಳಕೋಣೆಗೆ ಹೋದೆ. ತಾಮ್ರದ ಹಂಡೆಯಿಂದ ನಾನೇ ಒಂದು ಲೋಟ ನೀರು ಬಗ್ಗಿಸಿ ಕುಡಿದೆ. ಕೈ ನಡುಗ್ತಿತ್ತು, ಸುಳ್ಳು ಹೇಳಲ್ಲ. ಅಂಗಿ ಮೇಲೆಲ್ಲಾ ಚೆಲ್ತು.

ಯಜಮಾನರು ಏನೂ ಅನ್ನಲಿಲ್ಲ. ಸೋಮವಾರ ಹೋದಾಗ ಹಂಡೆ ಇದ್ದ ಜಾಗದಲ್ಲಿ ಹಂಡೆ ಇರಲಿಲ್ಲ. ಹೊರಗೆ ಒಂದು ಪ್ಲಾಸ್ಟಿಕ್ ವಾಟರ್ ಕ್ಯಾನ್, ಪಕ್ಕದಲ್ಲಿ ಪೇಪರ್ ಲೋಟದ ಕಟ್ಟು ಇಟ್ಟಿದ್ದರು. ಎಲ್ಲರಿಗೂ ಇನ್ಮೇಲೆ ಇದೇ ಅಂದರು. ಇದು ಗೆಲುವೋ ಸೋಲೋ ನನಗಿನ್ನೂ ಅರ್ಥ ಆಗಿಲ್ಲ. ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದೀನಿ.

ನಿಮ್ಮ ಆಫೀಸಿನ ಗಡಿಗೆ ಎಲ್ಲಿದೆ, ಲೋಟ ಯಾವುದು, ನೀವೂ ಬರೀರಿ. ಆಫೀಸಿನ ಹೆಸರು ಹಾಕೋದು ಬೇಡ, ಕೆಲಸಕ್ಕೆ ಕುತ್ತು ತಂದ್ಕೋಬೇಡಿ. ಬರೆದಿಡೋದು ಮಾತ್ರ ಬಿಡಬೇಡಿ.

ಜೈ ಭೀಮ್.